ಮೂರು ಮೀಟರ್ ಕಯಾಕ್, ನಾಲ್ಕನೇ ಮಹಡಿಯ ಫ್ಲ್ಯಾಟ್: ಇಡುವುದೆಲ್ಲಿ?

ಫಲ್ಗುಣಿತೀರ (ಮಂಗಳೂರು) ಕೇಳಿದ್ದು:

ಫಲ್ಗುಣಿ ನದಿಯಲ್ಲಿ ಕೂಳೂರಿನಿಂದ ಸುಲ್ತಾನ್ ಬತ್ತೇರಿ ಕಡೆಗೆ ಹುಟ್ಟು ಹಾಕಲು ಗಟ್ಟಿ ಪ್ಲಾಸ್ಟಿಕ್ಕಿನ ಸಿಟ್-ಆನ್-ಟಾಪ್ (ಒಳಗಲ್ಲ, ಮೇಲೆ ಕೂರುವ) ಕಯಾಕ್ ಒಂದನ್ನು ಕೊಳ್ಳುವ ಯೋಚನೆ ಇದೆ. ಉದ್ದ 3 ಮೀಟರ್, ಅಗಲ 76 ಸೆಂ.ಮೀ., ಎತ್ತರ 38 ಸೆಂ.ಮೀ., ತೂಕ 23 ಕೆ.ಜಿ. ಇನ್ನೂ ದುಡ್ಡು ಕೊಟ್ಟಿಲ್ಲ, ಜಾಗ ಗಟ್ಟಿಯಾದ ಮೇಲೆಯೇ ಕೊಡುವುದು.

ಫ್ಲ್ಯಾಟ್ ಸ್ವಂತದ್ದು, ನಾಲ್ಕನೇ ಮಹಡಿ. ಲಿಫ್ಟ್ ಒಳಗೆ 1.3 × 1.1 ಮೀಟರ್, ಎತ್ತರ 2.2. ಬಾಲ್ಕನಿ 3.4 × 1.3 ಮೀಟರ್, ಪಶ್ಚಿಮಕ್ಕೆ ಮುಖ. ಕೆಳಗೆ ಸ್ಟಿಲ್ಟ್‌ನಲ್ಲಿ (ಕಂಬಗಳ ನಡುವಿನ ತೆರೆದ ನೆಲಮಹಡಿ) ನಮ್ಮ ಪಾರ್ಕಿಂಗ್ 2.5 × 5 ಮೀಟರ್. ಎಡಬದಿಗೆ ಸಿಮೆಂಟ್ ಬ್ಲಾಕಿನ ಗೋಡೆ, ಅದರ ಮೇಲೆ ಆರ್‌ಸಿಸಿ ಬೀಮ್. ಬೀಮಿನ ಅಡಿಗೆ 2.4 ಮೀಟರ್ ಎತ್ತರ. ಕಾರು ಸಣ್ಣ ಹ್ಯಾಚ್‌ಬ್ಯಾಕ್.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಸುವ ಪ್ರಶ್ನೆಯೇ ಇಲ್ಲ. ಉಳಿದ ತಿಂಗಳು ವಾರಕ್ಕೊಮ್ಮೆ ತೆಗೆಯಬೇಕು. ಬಾಲ್ಕನಿಯಾ, ಪಾರ್ಕಿಂಗಾ? ಹೇಗೆ ಇಡಬೇಕು?

---

ಅಳತೆಟೇಪು ಉತ್ತರ:

ಮೊದಲು ಲಿಫ್ಟಿನ ಆಸೆ ಬಿಡಿ. ಒಂದು ಮೂಲೆಯ ನೆಲದಿಂದ ಎದುರು ಮೂಲೆಯ ಸೂರಿಗೆ ಓರೆಯಾಗಿ ಅಳೆದರೂ ನೀವು ಕೊಟ್ಟ ಅಳತೆಗೆ 2.78 ಮೀಟರ್ ಬರುತ್ತದೆ. ಅದೂ ದಪ್ಪವೇ ಇಲ್ಲದ ಕೋಲಿಗೆ. 76 ಸೆಂ.ಮೀ. ಅಗಲದ ಕಯಾಕ್ ಆದರೆ 2.4 ಮೀಟರಿನದ್ದೂ ಕಷ್ಟ. ಕೆಲವು ಹೊಸ ಕಟ್ಟಡಗಳಲ್ಲಿ ಸ್ಟ್ರೆಚರ್ ಹಿಡಿಸುವ ದೊಡ್ಡ ಲಿಫ್ಟ್ ಒಂದಿರುತ್ತದೆ, ಅದಾದರೆ ಲೆಕ್ಕ ಬೇರೆ.

ಉಳಿದದ್ದು ಮೆಟ್ಟಿಲು. ಅಲ್ಲಿ ತಡೆಯುವುದು ತೂಕ ಅಲ್ಲ, ತಿರುವು. ಮಹಡಿಗೆ ಎರಡರಂತೆ ತಿರುವು, ಪ್ರತಿ ತಿರುವಿನಲ್ಲೂ ಮೂತಿಯನ್ನು ಕಟಕಟೆಯ ಮೇಲಿಂದ ಎತ್ತಿ ದಾಟಿಸಬೇಕು. ಒಂದು ಮಹಡಿಗೂ ಮುಂದಿನದಕ್ಕೂ ಅಂತರವೇ ಸುಮಾರು 3 ಮೀಟರ್ ಆದ್ದರಿಂದ ನೆಟ್ಟಗೆ ನಿಲ್ಲಿಸಿ ತಿರುಗಿಸಲಾಗದು. ಓರೆ ಮಾಡಿದಾಗ ಹಿಂಬದಿ ಗೋಡೆಗೆ ಉಜ್ಜುತ್ತದೆ, ಪೇಂಟ್ ಹೋಗುತ್ತದೆ. ವರ್ಷಕ್ಕೆ ಎರಡು ಸಲ ಆದರೆ ಇಬ್ಬರು ಸೇರಿ ಮಾಡಬಹುದು. ವಾರವಾರ ಆಗುವ ಕೆಲಸ ಅಲ್ಲ.

ನನ್ನ ಮಾತು ನಂಬಬೇಕಿಲ್ಲ, ಪರೀಕ್ಷೆ ಸುಲಭ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಇಂಚಿನ 3 ಮೀಟರ್ ಪಿವಿಸಿ ಪೈಪ್ ತನ್ನಿ. ನಡುವೆ 76 ಸೆಂ.ಮೀ. ಉದ್ದದ ತುಂಡೊಂದನ್ನು ಅಡ್ಡಕ್ಕೆ ಕಟ್ಟಿ. ತುದಿಗಳಿಂದ 50 ಸೆಂ.ಮೀ. ಒಳಗೆ ಇನ್ನೆರಡು ತುಂಡು, 45 ಸೆಂ.ಮೀ. ಉದ್ದದ್ದು. ಇದನ್ನು ಹಿಡಿದು ಕೆಳಗಿನಿಂದ ಬಾಲ್ಕನಿಯವರೆಗೆ ಒಮ್ಮೆ ನಡೆಯಿರಿ. ಎಲ್ಲಿ ಸಿಕ್ಕಿಬೀಳುತ್ತದೋ ಅಲ್ಲಿ ಕಯಾಕೂ ಸಿಕ್ಕಿಬೀಳುತ್ತದೆ. ಹೆಚ್ಚಾಗಿ ಅದು ಮೆಟ್ಟಿಲೂ ಅಲ್ಲ, ಕಾರಿಡಾರಿನಿಂದ ನಿಮ್ಮ ಮುಂಬಾಗಿಲಿಗೆ ತಿರುಗುವ ಜಾಗ.

ಮನೆಯೊಳಗೆ ಮೂಲೆಗೆ ನಿಲ್ಲಿಸುವುದೂ ಆಗದು. ಫ್ಲ್ಯಾಟಿನ ಸೂರು ನೆಲದಿಂದ 2.85 ಮೀಟರ್ ಆಸುಪಾಸು, ಫಾಲ್ಸ್ ಸೀಲಿಂಗ್ ಇದ್ದರೆ 2.6. ಹಾಗಾಗಿ ಪಾರ್ಕಿಂಗ್.

---

ಮುರಕಲ್ಲು (ಇಂಜಿನಿಯರ್, ಉಡುಪಿ) ಉತ್ತರ:

ಪಾರ್ಕಿಂಗ್ ಸರಿ, ಆದರೆ ಅಲ್ಲಿ ಎಲ್ಲಿ ಎಂಬುದನ್ನೂ ಅಳತೆಯೇ ಹೇಳಬೇಕು. ಹಿಂಬದಿಗೆ ಅಡ್ಡ ಇಡುವ ಎಂದು ಎಲ್ಲರಿಗೂ ಮೊದಲು ಅನಿಸುವುದುಂಟು. ನಿಮ್ಮ ಜಾಗದ ಅಗಲ 2.5, ಕಯಾಕ್ 3. ಎರಡೂ ಬದಿಗೆ 25 ಸೆಂ.ಮೀ. ಚಾಚುತ್ತದೆ. ಒಂದು ಬದಿ ನಿಮಗೆ ಗೋಡೆ ಬೇರೆ ಇದೆ, ಅಂದರೆ ಅರ್ಧ ಮೀಟರ್ ಪೂರ್ತಿ ಪಕ್ಕದವರ ಜಾಗಕ್ಕೆ ಹೋಗುತ್ತದೆ. ಕಾರಿನ ಮೇಲೆ ಚಪ್ಪಟೆಯಾಗಿ ತೂಗುಹಾಕಿದರೆ ಡಿಕ್ಕಿ ತೆರೆದಾಗ ಬಾಗಿಲು ಬಡಿಯುತ್ತದೆ. ಹ್ಯಾಚ್‌ಬ್ಯಾಕಿನ ಡಿಕ್ಕಿ ಬಾಗಿಲು ಪೂರ್ತಿ ಎದ್ದರೆ 2 ಮೀಟರ್ ಹತ್ತಿರ ಹೋಗುತ್ತದೆ.

ಸರಿಯಾದ ಜಾಗ ಎಡಗೋಡೆ, ಕಾರಿನ ಉದ್ದಕ್ಕೆ, ಕಯಾಕನ್ನು ಅಂಚಿನ ಮೇಲೆ ನಿಲ್ಲಿಸಿ, ಎತ್ತರದಲ್ಲಿ. ಅಂಚಿನ ಮೇಲೆ ನಿಂತಾಗ ಅದರ ಎತ್ತರ 76 ಸೆಂ.ಮೀ. ಕೆಳಅಂಚು 1.6 ಮೀಟರಿನಲ್ಲಿ ಇದ್ದರೆ ಮೇಲಂಚು 2.36. ಬೀಮಿಗಿಂತ 4 ಸೆಂ.ಮೀ. ಕೆಳಗೆ. ಹ್ಯಾಚ್‌ಬ್ಯಾಕ್ ಎತ್ತರ ಒಂದೂವರೆ ಮೀಟರ್ ಆದ್ದರಿಂದ ನೆಲದ ಅಗಲ ಒಂದಿಷ್ಟೂ ಹೋಗುವುದಿಲ್ಲ, ಬಾಗಿಲೂ ತೆರೆಯುತ್ತದೆ.

ಆ 4 ಸೆಂ.ಮೀ. ಕಾರಣಕ್ಕೇ ಅಂಗಡಿಯಲ್ಲಿ ಸಿಗುವ 'ಜೆ' ಆಕಾರದ ಬ್ರಾಕೆಟ್ ನಿಮಗೆ ಬೇಡ. ಅದರ ತುದಿ ಕನಿಷ್ಠ 5 ಸೆಂ.ಮೀ. ಮೇಲಕ್ಕೆ ಬಾಗಿರುತ್ತದೆ. ಕಯಾಕನ್ನು ಅದರ ಮೇಲೆ ಎತ್ತಿ ದಾಟಿಸಲು ಮೇಲೆ ಜಾಗ ಇಲ್ಲ. ನಿಮಗೆ ಬೇಕಾದ್ದು ಬೆಲ್ಟಿನ ತೊಟ್ಟಿಲು: 50 ಮಿ.ಮೀ. ಅಗಲದ ಪಾಲಿಯೆಸ್ಟರ್ ಬೆಲ್ಟ್, 3 ಮೀಟರ್ ಉದ್ದದ್ದು ಎರಡು, ಕ್ಯಾಮ್ ಬಕಲ್ ಇರುವಂಥದ್ದು. 25 ಮಿ.ಮೀ. ಬೆಲ್ಟ್ ಭಾರ ಹೊರುತ್ತದೆ, ಆದರೆ ತಿಂಗಳುಗಟ್ಟಲೆ ಒಂದೇ ಗೆರೆಯಲ್ಲಿ ಒತ್ತಿ ತಳದಲ್ಲಿ ಗೀರು ಮೂಡಿಸುತ್ತದೆ. ಬೆಲ್ಟ್‌ಗಳ ಜಾಗ ಎರಡೂ ತುದಿಯಿಂದ 65ರಿಂದ 70 ಸೆಂ.ಮೀ. ಒಳಗೆ. ತೀರಾ ತುದಿಗೆ ಹಾಕಿದರೆ ನಡು ಜೋಲುತ್ತದೆ, ಎರಡನ್ನೂ ನಡುವಿಗೆ ತಂದರೆ ತುದಿಗಳು ಜೋಲುತ್ತವೆ.

ಈಗ ಬೋಲ್ಟ್. ಸಿಮೆಂಟ್ ಬ್ಲಾಕ್ ಟೊಳ್ಳಾಗಿದ್ದರೆ ಅದಕ್ಕೆ ಬೋಲ್ಟ್ ಹಾಕಿ ಏನೂ ತೂಗಬೇಡಿ. ಎಎಸಿ (ಒಳಗೆ ಗಾಳಿಗುಳ್ಳೆ ಇರುವ ಹಗುರ) ಬ್ಲಾಕಿಗೆ ಹಾಕಿದ ಮಾಮೂಲಿ ಪ್ಲಾಸ್ಟಿಕ್ ಗುಟ್ಟ ಎಳೆದರೆ ಪುಡಿ ಸಮೇತ ಈಚೆ ಬರುತ್ತದೆ. ಹಳೆಯ ಕಟ್ಟಡದ ಮುರಕಲ್ಲಿನ ಗೋಡೆಯಲ್ಲಿ ಹ್ಯಾಮರ್ ಡ್ರಿಲ್ ಇಟ್ಟರೆ ತೂತು ಒಂದು ಹೋಗಿ ಗುಂಡಿ ಆಗುತ್ತದೆ. ನಿಮಗೆ ಮೇಲೆ ಬೀಮ್ ಇರುವುದರಿಂದ ಈ ತಲೆನೋವು ಇಲ್ಲ. ಕೊರೆಯುವುದು ಬೀಮಿನ ಬದಿಮುಖದಲ್ಲಿ, ಅಡಿಮುಖದಲ್ಲಿ ಅಲ್ಲವೇ ಅಲ್ಲ. ಅಡಿಯಲ್ಲಿ ಬೀಮಿನ ಮುಖ್ಯ ಸರಳುಗಳು ಇರುತ್ತವೆ, ಅದಕ್ಕೆ ಬಿಟ್ ತಾಗಬಾರದು. ಅಡಿಯಿಂದ 15–20 ಸೆಂ.ಮೀ. ಮೇಲೆ, ಎಂ10 ಆ್ಯಂಕರ್ ಬೋಲ್ಟ್ ಎರಡು, ಕಣ್ಣು ಇರುವ ಆಯ್ ನಟ್ ಸಹಿತ. ಬಿಟ್ ಎಷ್ಟು ದಪ್ಪ, ಎಷ್ಟು ಆಳ ಎಂಬುದು ಬೋಲ್ಟಿನ ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಅದರಂತೆಯೇ ಹೋಗಿ. ಕೊರೆದ ಮೇಲೆ ತೂತಿನ ಪುಡಿ ಊದಿ ತೆಗೆಯದಿದ್ದರೆ ಬೋಲ್ಟ್ ಹಿಡಿಯುವುದಿಲ್ಲ, ಬಿಗಿಸಿದಷ್ಟೂ ಸುತ್ತುತ್ತದೆ. ಕಬ್ಬಿಣ ಸಿಕ್ಕಿದರೆ ಒತ್ತಿ ಕೊರೆಯಬೇಡಿ, 5 ಸೆಂ.ಮೀ. ಪಕ್ಕಕ್ಕೆ ಸರಿಯಿರಿ. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಸತುವಿನ ಲೇಪದ ಬೋಲ್ಟ್ ಎರಡು ಮಳೆಗಾಲದಲ್ಲಿ ಕೆಂಪಗಾಗುತ್ತದೆ. ಎಸ್‌ಎಸ್ 316 (ಉಪ್ಪುಗಾಳಿ ತಡೆಯುವ ಸ್ಟೇನ್‌ಲೆಸ್ ಸ್ಟೀಲ್) ತರಿಸಿ, ನಾಲ್ಕು ಕಾಸು ಹೆಚ್ಚಾದರೂ ಸರಿ.

ಬೀಮ್ ಅಥವಾ ಸ್ಲ್ಯಾಬ್ ಪೋಸ್ಟ್-ಟೆನ್ಷನ್ ಮಾಡಿದ್ದಾದರೆ ಇದೆಲ್ಲ ರದ್ದು. ಎಳೆದು ಬಿಗಿದ ಕೇಬಲ್‌ಗೆ ಬಿಟ್ ತಾಗಿದರೆ ಅಪಾಯ. ಕೆಲವು ಹೊಸ ಕಟ್ಟಡಗಳಲ್ಲಿ ಇದು ಇರುತ್ತದೆ, ಬಿಲ್ಡರ್ ಹತ್ತಿರ ಕೇಳಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇನ್ನೊಂದು, ಸ್ಪ್ರಿಂಕ್ಲರ್ ಪೈಪ್ ಅಲ್ಲಿ ಹೋಗುತ್ತಿದ್ದರೆ ಅದಕ್ಕೆ ಏನನ್ನೂ ಕಟ್ಟಬೇಡಿ. ಸ್ಪ್ರಿಂಕ್ಲರ್ ತಲೆಯ ಕೆಳಗೆ ಅರ್ಧ ಮೀಟರ್ ಖಾಲಿ ಇರಬೇಕು. ಕಯಾಕ್ ಆ ಅರ್ಧ ಮೀಟರಿನೊಳಗೆ ಬರುತ್ತದಾದರೆ ಜಾಗ ಬದಲಿಸಿ.

---

ಸಿಬ್ಲಾಕ್_ಕಾರ್ಯದರ್ಶಿ ಉತ್ತರ:

ಡ್ರಿಲ್ ಹಿಡಿಯುವ ಮೊದಲು ಒಂದು ಮಾತು. ಪಾರ್ಕಿಂಗ್ ಜಾಗ ನಿಮ್ಮ ಹೆಸರಿಗೆ ಇರಬಹುದು, ಬೀಮ್ ನಿಮ್ಮದಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಯಲ್ಲಿ ಕಂಬ, ಬೀಮ್, ಮುಖ್ಯ ಗೋಡೆ, ಮೆಟ್ಟಿಲು, ಕಾರಿಡಾರ್, ತಾರಸಿ ಎಲ್ಲವೂ ಸಾಮಾನ್ಯ ಸ್ವತ್ತಿನ ಪಟ್ಟಿಯಲ್ಲಿವೆ. ಅಸೋಸಿಯೇಷನ್ನಿನ ಒಪ್ಪಿಗೆ ಲಿಖಿತವಾಗಿ ಬೇಕು.

ಅರ್ಜಿಯಲ್ಲಿ 'ದೋಣಿ ಇಡುತ್ತೇನೆ' ಎಂದಷ್ಟೇ ಬರೆದರೆ ಸಮಿತಿಯವರು ಮೀನುಗಾರಿಕೆ ಬೋಟನ್ನು ಊಹಿಸಿಕೊಳ್ಳುತ್ತಾರೆ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಅಳತೆ, ತೂಕ 23 ಕೆ.ಜಿ., ಎರಡೇ ಬೋಲ್ಟ್, ನಿಮ್ಮ ಗೆರೆಯ ಹೊರಗೆ ಏನೂ ಚಾಚುವುದಿಲ್ಲ, ಫ್ಲ್ಯಾಟ್ ಮಾರಿದರೆ ಬೋಲ್ಟ್ ತೆಗೆದು ತೂತು ಮುಚ್ಚಿಕೊಡುತ್ತೇನೆ ಎಂದು ಬರೆಯಿರಿ. ಜೊತೆಗೆ ಕೈಯಲ್ಲಿ ಬಿಡಿಸಿದ ಒಂದು ಚಿತ್ರ. ಇಂಥವು ಸಾಮಾನ್ಯವಾಗಿ ಒಂದೇ ಸಭೆಯಲ್ಲಿ ಮುಗಿಯುತ್ತವೆ.

ಮೆಟ್ಟಿಲ ಕೆಳಗಿನ ಖಾಲಿ ಜಾಗ, ಅಗ್ನಿಶಾಮಕ ಮೆಟ್ಟಿಲು, ಎಲೆಕ್ಟ್ರಿಕಲ್ ಪ್ಯಾನಲ್ ಕೋಣೆ, ಈ ಮೂರಕ್ಕೆ ಅರ್ಜಿಯನ್ನೇ ಹಾಕಬೇಡಿ. ಪಾಲಿಎಥಿಲೀನ್ ಚೆನ್ನಾಗಿ ಉರಿಯುವ ವಸ್ತು, ಹೊಗೆ ಮೇಲೆ ಹೋಗುವುದು ಅದೇ ಮೆಟ್ಟಿಲಿನಲ್ಲಿ.

---

ಉಪ್ಪುನೀರು (ಮೂಲ್ಕಿ) ಉತ್ತರ:

ಜಾಗದ ವಿಷಯ ಮೇಲಿನವರು ಹೇಳಿಯಾಯಿತು. ಇಟ್ಟ ಮೇಲೆ ಕಯಾಕ್ ಹೇಗೆ ಹಾಳಾಗುತ್ತದೆ ಎಂದು ಹೇಳುತ್ತೇನೆ ಮಾರಾಯ್ರೇ, ಯಾಕೆಂದರೆ ನೀರಿನಲ್ಲಿ ಹಾಳಾಗುವುದಕ್ಕಿಂತ ಇಟ್ಟಲ್ಲೇ ಹಾಳಾಗುವುದು ಹೆಚ್ಚು.

ಈ ಕಯಾಕ್‌ಗಳು ರೋಟೊಮೋಲ್ಡ್ ಮಾಡಿದ (ಬಿಸಿ ಅಚ್ಚನ್ನು ತಿರುಗಿಸಿ ಎರಕ ಹೊಯ್ದ) ಪಾಲಿಎಥಿಲೀನ್. ಗಟ್ಟಿ, ಬಂಡೆಗೆ ಬಡಿದರೂ ಒಡೆಯುವುದಿಲ್ಲ. ಆದರೆ ನಿಧಾನವಾಗಿ ಹರಿಯುವ ಗುಣ ಅದಕ್ಕುಂಟು. ಒಂದೇ ಕಡೆ ಭಾರ ಬಿದ್ದು ತಿಂಗಳು ಕಳೆದರೆ ಆ ಆಕಾರಕ್ಕೇ ಒಗ್ಗುತ್ತದೆ, ಬಿಸಿ ಸೇರಿದರೆ ಇನ್ನೂ ಬೇಗ. ಪಶ್ಚಿಮದ ಬಾಲ್ಕನಿಯಲ್ಲಿ ಏಪ್ರಿಲ್ ಮಧ್ಯಾಹ್ನ, ನೆಲದ ಟೈಲ್ಸ್ ಕಾದಿರುವಾಗ ತಳ ಕೆಳಗೆ ಮಾಡಿ ಇಟ್ಟರೆ ಕೂತ ಕಡೆ ತಳ ಒಳಕ್ಕೆ ತಗ್ಗುತ್ತದೆ. ಆಮೇಲೆ ನೀರಲ್ಲಿ ನೇರ ಹೋಗುವುದಿಲ್ಲ, ಎಷ್ಟು ಹುಟ್ಟು ಹಾಕಿದರೂ ಒಂದು ಬದಿಗೆ ಎಳೆಯುತ್ತದೆ. ಅಂಚಿನ ಮೇಲೆ ಇಡಿ ಎಂದು ಮುರಕಲ್ಲು ಹೇಳಿದ್ದು ಅದಕ್ಕೂ ಒಳ್ಳೆಯದು, ಕಯಾಕಿನ ಅತಿ ಬಿಗಿಯಾದ ಭಾಗ ಅಂಚು. ಅದು ಆಗದಿದ್ದರೆ ಕವುಚಿ ಇಡಿ. ತಳ ನೆಲಕ್ಕೆ ತಾಗುವಂತೆ ಇಡುವುದು ಕೊನೆಯ ಆಯ್ಕೆ.

ತುದಿಯ ಹಿಡಿಕೆಗಳಿಂದ ತೂಗುಹಾಕಬೇಡಿ. ಅವು ಹೊತ್ತು ನಡೆಯಲು ಇರುವುವು. ನಾಲ್ಕು ತಿಂಗಳು ತೂಗಿದರೆ ಸ್ಕ್ರೂ ಕೂತ ತೂತು ಅಗಲವಾಗಿ ಅಲ್ಲಿಂದ ನೀರು ಒಳಗೆ ಹೋಗುತ್ತದೆ. ರ‍್ಯಾಚೆಟ್ ಬೆಲ್ಟೂ ಬೇಡ, ಅದರ ಹಲ್ಲು ಒಂದೊಂದೇ ಬಿಗಿಯುತ್ತಾ ಎಷ್ಟು ಒತ್ತಿತು ಎಂದು ಕೈಗೆ ಗೊತ್ತಾಗುವುದಿಲ್ಲ. ಕ್ಯಾಮ್ ಬಕಲ್ ಕೈಯಲ್ಲಿ ಎಳೆದಷ್ಟೇ ಬಿಗಿಯುತ್ತದೆ, ಅಷ್ಟು ಸಾಕು. ಬೆಲ್ಟ್ ತಾಗುವಲ್ಲಿ ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಸೀಳಿ ಹಾಕಿ. ಗೋಡೆಗೆ ಒರಗುವಲ್ಲಿಯೂ ಅದೇ.

ತಗ್ಗು ಬಿದ್ದರೆ ಗಾಬರಿ ಬೇಡ. ಬಿಸಿಲಿಗೆ ಒಂದೆರಡು ಗಂಟೆ ಇಡಿ, ಹೆಚ್ಚಿನವು ತಾವಾಗಿ ಏಳುತ್ತವೆ. ಏಳದಿದ್ದರೆ ಕುದಿನೀರು ಸುರಿದು ಒಳಗಿನಿಂದ ಕೈಯಲ್ಲಿ ಒತ್ತಿ, ತಣ್ಣೀರು ಹಾಕಿ ಅಲ್ಲೇ ನಿಲ್ಲಿಸಿ. ಹೀಟ್ ಗನ್ ಹಿಡಿದವರು ಒಂದೇ ಜಾಗಕ್ಕೆ ಹಿಡಿದು ಪ್ಲಾಸ್ಟಿಕ್ ಹೊಳಪು ಬಂದು ಕರಗಿದ ಮೇಲೆ ಬಿಡುತ್ತಾರೆ, ಅದಕ್ಕೆ ಮದ್ದಿಲ್ಲ.

ಉಪ್ಪು. ಕೂಳೂರಿನಲ್ಲಿ ಉಬ್ಬರದ ಹೊತ್ತಿಗೆ ನೀರು ಉಪ್ಪೇ. ಪ್ಲಾಸ್ಟಿಕ್ಕಿಗೆ ಏನೂ ಆಗದು, ಆದರೆ ಸೀಟಿನ ಕೊಕ್ಕೆ, ರಡ್ಡರ್ ತಂತಿ, ಸ್ಕ್ರೂ ಎಲ್ಲ ತಿನ್ನುತ್ತದೆ. ದಡದಲ್ಲೇ ತೊಳೆಯುವುದು ಒಳ್ಳೆಯದು: 10 ಲೀಟರ್ ಕ್ಯಾನ್ ಒಂದು, ಒಂದು ಮಗ್. ಮೊದಲು ಲೋಹದ ಭಾಗಗಳಿಗೆ ಸುರಿಯಿರಿ, ಉಳಿದದ್ದು ಸೀಟಿಗೆ. ಪಾರ್ಕಿಂಗಿನಲ್ಲಿ ಕಾರು ತೊಳೆಯುವ ನಳ್ಳಿ ಇದ್ದರೆ ಇನ್ನೂ ಸುಲಭ.

ಮುಖ್ಯವಾದದ್ದು ಮಳೆಗಾಲ. ಸಿಟ್-ಆನ್-ಟಾಪ್ ಒಳಗೆ ಟೊಳ್ಳು. ಹ್ಯಾಚ್ ಮುಚ್ಚಳದ ಸಂದಿಯಿಂದ, ಸ್ಕ್ರೂ ತೂತುಗಳಿಂದ ಒಂದಿಷ್ಟು ನೀರು ಒಳಗೆ ಹೋಗಿಯೇ ಇರುತ್ತದೆ. ತೂಗುವ ಮೊದಲು ಡ್ರೈನ್ ಪ್ಲಗ್ ತಿರುಗಿಸಿ ತೆಗೆದು, ಆ ತುದಿ ಕೆಳಗೆ ಮಾಡಿ ಹತ್ತು ನಿಮಿಷ ಓರೆಯಾಗಿ ಹಿಡಿಯಿರಿ. ಪ್ಲಗ್ಗನ್ನು ವಾಪಸ್ ಹಾಕಬೇಡಿ, ಹಿಡಿಕೆಗೆ ದಾರದಲ್ಲಿ ಕಟ್ಟಿಡಿ. ಹ್ಯಾಚ್ ಮುಚ್ಚಳವೂ ಸಡಿಲವಾಗಿರಲಿ. ಬಿಗಿಯಾಗಿ ಮುಚ್ಚಿದರೆ ಒಳಗೆ ಬೂಸಲು, ಮುಚ್ಚಳದ ರಬ್ಬರ್ ಅಮರಿಕೊಂಡು ಅಕ್ಟೋಬರಿನಲ್ಲಿ ಎಳೆದಾಗ ಹರಿಯುತ್ತದೆ.

ಆದರೆ ತೆರೆದಿಟ್ಟ ತೂತಿನೊಳಗೆ, ಸೀಟಿನ ಗುಂಡಿಯಲ್ಲಿ, ಕವುಚಿಟ್ಟರೆ ಸ್ಕಪರ್ ತೂತಿನ (ಮೇಲೆ ಬಿದ್ದ ನೀರು ಇಳಿದುಹೋಗಲು ಕಯಾಕಿನಲ್ಲಿ ಆರಪಾರ ಇರುವ ತೂತು) ಸುತ್ತ ನೀರು ನಿಂತರೆ ಸೊಳ್ಳೆ. ಈಡಿಸ್ ಸೊಳ್ಳೆಗೆ ಒಂದು ಲೋಟ ನೀರೂ ಬೇಡ, ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ. ತೂತಿಗೆ ಸೊಳ್ಳೆಪರದೆಯ ತುಂಡು ಕಟ್ಟಿದರೆ ಗಾಳಿಯೂ ಆಡುತ್ತದೆ. ಸೊಳ್ಳೆ ಹುಟ್ಟುವಂತೆ ನೀರು ನಿಲ್ಲಿಸಿದವರಿಗೆ ದಂಡ ಹಾಕುವ ನಿಯಮವನ್ನು 2024ರಲ್ಲಿ ಸರ್ಕಾರ ತಂದಿದೆ, ಅಪಾರ್ಟ್‌ಮೆಂಟಿನಲ್ಲಿ ದಂಡಕ್ಕಿಂತ ಮೊದಲು ಜಗಳ ಬರುತ್ತದೆ.

ಸೀಟು, ಲೈಫ್ ಜಾಕೆಟ್, ಹುಟ್ಟು ಮನೆಗೆ ಒಯ್ಯಿರಿ. ಸ್ಟಿಲ್ಟ್‌ನಲ್ಲಿ ಹೆಗ್ಗಣ ಫೋಮನ್ನು ಬಿಡುವುದಿಲ್ಲ. ಎರಡು ತುಂಡಾಗುವ ಹುಟ್ಟನ್ನು ಬಿಡಿಸಿಯೇ ಇಡಿ, ಜೋಡಿಸಿಟ್ಟರೆ ಉಪ್ಪು ಗಟ್ಟಿಯಾಗಿ ಕೀಲು ಹಿಡಿದುಬಿಡುತ್ತದೆ.

---

ಫಲ್ಗುಣಿತೀರ:

ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ ಉಳಿದಿದೆ. ಅಸೋಸಿಯೇಷನ್ ಒಪ್ಪದೇ ಹೋದರೆ ಮಳೆಗಾಲದ ನಾಲ್ಕು ತಿಂಗಳಿಗಾದರೂ ಬಾಲ್ಕನಿ ಕಂಬಿಯ ಹೊರಬದಿಗೆ ಕಟ್ಟಬಹುದಾ? ಇಲ್ಲದಿದ್ದರೆ ಗಾಳಿ ತುಂಬುವ ಕಯಾಕ್ ತೆಗೆದುಕೊಳ್ಳುವುದು ಮೇಲಾ?

---

ಮುರಕಲ್ಲು:

ಹೊರಬದಿಗೆ ಖಂಡಿತ ಬೇಡ. ಕಯಾಕಿನ ಅಗಲ ಮುಖದ ವಿಸ್ತೀರ್ಣ ಸುಮಾರು 2 ಚದರ ಮೀಟರ್. ಗಂಟೆಗೆ 70 ಕಿ.ಮೀ. ಗಾಳಿ ನೇರ ಬಡಿದರೆ ಅದರ ಮೇಲೆ ಹತ್ತಿರ ಹತ್ತಿರ 50 ಕೆ.ಜಿ. ತಳ್ಳು ಬೀಳುತ್ತದೆ, ಅಂದರೆ ಕಯಾಕಿನ ತೂಕದ ಎರಡು ಪಾಲು. ಗಾಳಿ ಒಂದೇ ಸಮ ಬೀಸುವುದಿಲ್ಲ, ಎಳೆದು ಬಿಡುತ್ತದೆ. ಗಂಟು ಸಡಿಲವಾಗುವುದು ಹಾಗೆ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಒಳಬದಿಯಲ್ಲಿ, ನೆಲದ ಮೇಲೆ, ಅಂಚಿನ ಮೇಲೆ ನಿಲ್ಲಿಸಿ ಎರಡು ಕಡೆ ಕಂಬಿಗೆ ಕಟ್ಟಿದರೆ ಆದೀತು. ನೆಲಕ್ಕೂ ಅಂಚಿಗೂ ನಡುವೆ ಇವಿಎ ಫೋಮ್ ಮ್ಯಾಟ್ ಎರಡು ಪದರ ಹಾಕಿ. 1.3 ಮೀಟರ್ ಅಗಲದಲ್ಲಿ 45 ಸೆಂ.ಮೀ. ಹೋಗುತ್ತದೆ, ಬಟ್ಟೆ ಒಣಗಿಸುವ ಜಾಗ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

---

ಗಾಳಿದೋಣಿ (ಬೆಂಗಳೂರು) ಉತ್ತರ:

ಗಾಳಿ ಕಯಾಕ್ ಬಗ್ಗೆ. ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2 ತರಹದ್ದು ತುಂಬಿದಾಗ 3.12 ಮೀಟರ್ ಉದ್ದ, 91 ಸೆಂ.ಮೀ. ಅಗಲ. ಗಾಳಿ ಬಿಟ್ಟರೆ ದೊಡ್ಡ ಟ್ರಾವೆಲ್ ಬ್ಯಾಗಿನಷ್ಟು, ಲಿಫ್ಟ್ ಸಮಸ್ಯೆ ಅಲ್ಲಿಗೆ ಮುಗೀತು. ಆದರೆ 'ಮಡಚಿ ಮಂಚದ ಕೆಳಗೆ ತಳ್ಳಿದರೆ ಆಯ್ತು' ಅನ್ನೋದು ಅರ್ಧ ಸತ್ಯ ಸಾರ್. ಒಣಗಿಸೋಕೆ ಜಾಗ ಬೇಕು, ಗಟ್ಟಿ ಕಯಾಕ್‌ಗೆ ಅದು ಬೇಡ.

ತಳದ ಗಾಳಿಚೀಲದ ಕೆಳಗೆ, ಬದಿಯ ಕೊಳವೆ ತಳಕ್ಕೆ ಸೇರೋ ಸಂದಿಯಲ್ಲಿ ನೀರು ಉಳಿಯುತ್ತೆ, ಹೊರಗಿನಿಂದ ಕಾಣಲ್ಲ. ತಳದ ಚೀಲ ಬಿಚ್ಚಿ ಬರುವಂಥದ್ದಾದ್ರೆ ಪ್ರತಿ ಸಲ ಬಿಚ್ಚಲೇಬೇಕು. ಮನೆಗೆ ತಂದು ಅರ್ಧ ಗಾಳಿ ತುಂಬಿ, ಹತ್ತಿ ಬಟ್ಟೆಯಿಂದ ಸಂದಿ ಒರೆಸಿ, ಬಾಲ್ಕನಿ ನೆರಳಲ್ಲಿ ಒಂದು ಬದಿ ಮೇಲೆ ನಿಲ್ಲಿಸಿ. ಅರ್ಧ ದಿನದ ಮೇಲೆ ಇನ್ನೊಂದು ಬದಿ. ಬಿಸಿಲಿಗೆ ಪೂರ್ತಿ ತುಂಬಿ ಇಡಬೇಡಿ, ಒಳಗಿನ ಗಾಳಿ ಹಿಗ್ಗಿ ಸೀಮ್ ಬಿಡುತ್ತೆ. ದಡದಲ್ಲಿ ಊಟಕ್ಕೆ ಕೂತಾಗಲೂ ಒಂಚೂರು ಗಾಳಿ ಬಿಟ್ಟೇ ಕೂರೋದು.

ಮಡಚೋದಕ್ಕಿಂತ ಸಡಿಲವಾಗಿ ಸುತ್ತಿ. ಪ್ರತಿ ಸಲ ಅದೇ ಗೆರೆಯಲ್ಲಿ ಮಡಚಿದ್ರೆ ಪಿವಿಸಿ ಸೀಳೋದು ಅಲ್ಲೇ. ಇಡೋದು ಮಂಚದ ಕೆಳಗೆ ಅಥವಾ ಬೀರು ಪಕ್ಕ. ಕೊನೇ ಮಹಡಿಯ ಫ್ಲ್ಯಾಟಿನ ಅಟ್ಟ ಬೇಡ, ತಾರಸಿ ಕಾದು ಅಲ್ಲಿ ಪಿವಿಸಿ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಮೇಲೆ ಸೂಟ್‌ಕೇಸ್ ಹೇರಬೇಡಿ. ನುಸಿಗುಳಿಗೆ ತಾಗೋ ಹಾಗೆ ಹಾಕಬೇಡಿ. ಅದು ಪ್ಲಾಸ್ಟಿಕ್ಕನ್ನ ಮೆತ್ತಗೆ ಮಾಡುತ್ತೆ. ಇಲಿ ಬರೋ ಮನೆಯಾದ್ರೆ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಬೇಕು.

ಅಗ್ಗದ ಗಾಳಿ ಕಯಾಕ್ ಗಾಳಿ ಎದುರಾದ್ರೆ ಮುಂದೆ ಹೋಗಲ್ಲ. ಫಲ್ಗುಣಿಯಲ್ಲಿ ಮಧ್ಯಾಹ್ನದ ಕಡಲ ಗಾಳಿ ನಿಮಗೆ ಗೊತ್ತಿರುತ್ತೆ. ಡ್ರಾಪ್-ಸ್ಟಿಚ್ ತಳ (ಒಳಗೆ ಎರಡು ಪದರವನ್ನೂ ನೂಲಿನಿಂದ ಜೋಡಿಸಿರೋದು) ಇರೋದು ಸಾಕಷ್ಟು ಬಿಗಿಯಾಗಿರುತ್ತೆ, ಬೆಲೆ ಮಾತ್ರ ಗಟ್ಟಿ ಕಯಾಕ್‌ಗೇ ಸಮ.

---

ಉಪ್ಪುನೀರು:

ವಾರವಾರ ಹೋಗುವವರಿಗೆ ಗಟ್ಟಿಯದೇ ಸರಿ ಎಂದು ನನ್ನ ಲೆಕ್ಕ. ಪ್ರತಿ ಸಲ ಒಣಗಿಸುವ ಕೆಲಸವೇ ಬೇಸರ ತರಿಸಿ ಜನ ಹೋಗುವುದನ್ನು ಬಿಡುತ್ತಾರೆ.

ಅಸೋಸಿಯೇಷನ್ ಒಪ್ಪದಿದ್ದರೆ ಇನ್ನೊಂದು ದಾರಿಯೂ ಉಂಟು. ಹೊಳೆಬದಿಯ ಮನೆಗಳಲ್ಲಿ ದೋಣಿ ಇಡುವ ಮಾಡು ಇರುತ್ತದೆ, ತಿಂಗಳಿಗೆ ಇಷ್ಟು ಎಂದು ಮಾತಾಡಿ ಇಡಬಹುದು. ಕಾರಿನ ಮೇಲೆ ಹೇರುವ ಕೆಲಸವೂ ತಪ್ಪುತ್ತದೆ. ಎರಡು ಷರತ್ತು: ಸ್ಕಪರ್ ತೂತಿನ ಮೂಲಕ ಉಕ್ಕಿನ ಕೇಬಲ್ ಹಾಕಿ ಕಂಬಕ್ಕೆ ಬೀಗ ಹಾಕಿ. ಹಿಡಿಕೆಗೆ ಹಾಕಿದರೆ ಒಂದು ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ ಒಯ್ಯುತ್ತಾರೆ. ಮತ್ತೆ, ಜೂನ್ ಬರುವ ಮೊದಲು ನೆರೆ ಏರುವ ಗೆರೆ ಎಲ್ಲಿಯವರೆಗೆ ಎಂದು ಮನೆಯವರನ್ನು ಕೇಳಿ ಅದಕ್ಕಿಂತ ಮೇಲೆ ಕಟ್ಟಿ. ಟೊಳ್ಳು ದೋಣಿ, ನೀರು ಬಂದರೆ ಏಳುತ್ತದೆ. ಕೇಬಲ್ ಗಿಡ್ಡವಾಗಿದ್ದರೆ ಏಳಲಾಗದೆ ಬೀಗದ ಕಡೆ ಮುರಿಯುತ್ತದೆ, ಆದ್ದರಿಂದ ನೆಲದಲ್ಲಿಡುವುದಾದರೆ ಕೇಬಲ್ಲಿಗೆ ಎರಡು ಮೀಟರ್ ಸಡಿಲು ಬಿಡಿ.